ಅಪ್ರಯುಕ್ತ ಪದಗಳೂ ಅಳಿದ ಕಟ್ಟಳೆಗಳೂ: ಶ್ರೀರಂಗಪಟ್ಟಣದ ಸುತ್ತಣ ಶಾಸನಗಳನ್ನು ಕುರಿತು ಒಂದು ವಿಮರ್ಶೆ

೧

ಪತಂಜಲಿಯ ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿ ಒಂದು ಆಕ್ಷೇಪವೂ ಅದಕ್ಕೆ ಸಮಾಧಾನವೂ ಬಂದಿರುವುದು ವಿದ್ವಾಂಸರಿಗೆ ವಿದಿತವೇ ಸರಿ. ಲೋಕದಲ್ಲಿ ಯಾರೂ ಆಡದ ಶಬ್ದಗಳನ್ನು ವ್ಯಾಕರಣವು ಏಕೆ ಸಾಧಿಸಬೇಕೆಂಬುದು ಆಕ್ಷೇಪ. 'ನೀವು ವಾಸಮಾಡಿದಿರಿ' ಎಂಬರ್ಥದ ಊಷ ಎಂಬ ರೂಪವು ಶಾಸ್ತ್ರದಿಂದ ಸಿದ್ಧವಾಗುತ್ತದೆ. ಜನರಾದರೋ ಅದನ್ನು ಬಿಟ್ಟು ಕೃದಂತದಿಂದಲೇ ವ್ಯವಹರಿಸುವರು. ಭಾಷ್ಯಕಾರನ ಸಮಾಧಾನವು ಎರಡು ಬಗೆಯಾಗಿದೆ. ಶಬ್ದಗಳ ಪ್ರಯೋಗಕ್ಷೇತ್ರವು ಬಹು ವಿಸ್ತಾರವಾದುದು, ಅದನ್ನೆಲ್ಲ ಅರಸಿ ನೋಡದೆ 'ಪ್ರಯೋಗವಿಲ್ಲ' ಎನ್ನುವುದು ಸಾಹಸವೆಂಬುದೊಂದು. ನೂರು ವರ್ಷ, ಸಾವಿರ ವರ್ಷ ನಡೆಯತಕ್ಕ ದೀರ್ಘಸತ್ರಗಳನ್ನು ಈಗ ಯಾರೂ ಆಚರಿಸದಿದ್ದರೂ ಯಾಜ್ಞಿಕರು ಅವುಗಳ ವಿಧಿಯನ್ನು ಬಿಡದೆ ಪಾಠಮಾಡುವಂತೆಯೇ, ಪ್ರಯೋಗ ತಪ್ಪಿದ ಶಬ್ದಗಳನ್ನೂ ಶಾಸ್ತ್ರವು ಕಾಯ್ದುಕೊಳ್ಳಬೇಕೆಂಬುದು ಮತ್ತೊಂದು.

ಈ ಎರಡನೆಯ ಮಾತಿನಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬಳಕೆ ತಪ್ಪಿದ ಶಬ್ದಕ್ಕೆ ಭಾಷ್ಯಕಾರನು ಕೊಟ್ಟ ದೃಷ್ಟಾಂತವು ಬಳಕೆ ತಪ್ಪಿದ ವಿಧಿ. ಇದು ಆಕಸ್ಮಿಕವಲ್ಲವೆಂದು ನಾನು ತಿಳಿಯುತ್ತೇನೆ. ಅನೇಕ ಶಬ್ದಗಳಿಗೆ ವಿಧಿಯೇ ಪ್ರಾಣ. ಕಟ್ಟಳೆಯು ಅಳಿದೊಡನೆ ಶಬ್ದವು ಅಳಿಯುತ್ತದೆ, ಇಲ್ಲವೇ ತನ್ನ ಮನೆಯನ್ನು ಬಿಟ್ಟು ಬೇರೆ ಮನೆಯಲ್ಲಿ ಬಾಳುತ್ತದೆ.

ಇನ್ನು ಆಲಂಕಾರಿಕರ ಪಕ್ಷವನ್ನು ನೋಡಿದರೆ, ಮಮ್ಮಟಾದಿಗಳು ಅಪ್ರಯುಕ್ತತ್ವವನ್ನು ಪದದೋಷಗಳಲ್ಲಿ ಎಣಿಸಿದ್ದಾರೆ. ನಮ್ಮ ಕವಿರಾಜಮಾರ್ಗಕಾರನೂ ಪಳಗನ್ನಡವು ಪುರಾತನ ಕಾವ್ಯಗಳಲ್ಲಿ ಒಪ್ಪುವುದೆಂದು ಒಪ್ಪಿ, ತನ್ನ ಕಾಲದ ದೇಸಿಯಲ್ಲಿ ಅದು ರುಚಿಗೆಡಿಸುವುದೆಂದು ಹೇಳಿದ್ದಾನೆ. ವೈಯಾಕರಣನು ಕಾಯಬೇಕೆಂದುದನ್ನು ಆಲಂಕಾರಿಕನು ತ್ಯಜಿಸಬೇಕೆನ್ನುವನಷ್ಟೆ. ವಿರೋಧವು ತೋರಿಕೆಯದು. ಕವಿಗೆ ದೋಷವಾದುದು ವ್ಯಾಖ್ಯಾನಕಾರನಿಗೆ ಕರ್ತವ್ಯ. ಹೊಸದಾಗಿ ಬರೆಯುವವನು ಅಪ್ರಯುಕ್ತವನ್ನು ಬಿಡಬಹುದು. ಹಳೆಯದನ್ನು ಓದಿಸುವವನು ಬಿಡಲಾಗದು. ಪ್ರಕೃತ ಲೇಖನವು ಈ ಎರಡನೆಯವನ ಕರ್ತವ್ಯವನ್ನು ಕುರಿತದ್ದು.

೨

ವಿಚಾರಕ್ಕೆ ಕ್ಷೇತ್ರವಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನು ಆರಿಸಿಕೊಂಡಿದೆ. ಇವು ೧೯೩೯ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಮಂಡ್ಯ ಜಿಲ್ಲೆಗೆ ಸೇರಿದುವು. ಗಂಗರು, ಹೊಯ್ಸಳರು, ವಿಜಯನಗರದವರು, ಮೈಸೂರ ಒಡೆಯರು, ಹೈದರ್ ಮತ್ತು ಟಿಪ್ಪು ಇವರೆಲ್ಲರ ಆಜ್ಞೆಗಳೂ ಈ ನೆಲದಲ್ಲಿ ಒಂದರ ಮೇಲೊಂದು ಕೂತಿರುವುದರಿಂದ ಕಟ್ಟಳೆಯ ಮಾತುಗಳ ಏರಿಳಿತವನ್ನು ಕಾಣಲು ಇದು ಅನುಕೂಲವಾದ ಸ್ಥಳ. ರೈಸ್ ಸಾಹೇಬರು ೧೮೯೪ ಮತ್ತು ೧೮೯೮ರಲ್ಲಿ ಪ್ರಕಟಿಸಿದ ಮೈಸೂರು ಜಿಲ್ಲೆಯ ಎರಡು ಸಂಪುಟಗಳಲ್ಲಿ ಇಲ್ಲಿಯ ಶಾಸನಗಳು ಮೊದಲು ಒಟ್ಟಾಗಿ ಬೆಳಕಿಗೆ ಬಂದುವು. ಬಳಿಕ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮಾಲೆಯಲ್ಲಿ ೧೯೭೭ರ ಆರನೆಯ ಸಂಪುಟವೂ ೧೯೭೯ರ ಏಳನೆಯ ಸಂಪುಟವೂ ಅವನ್ನು ತಿದ್ದಿ, ಹೊಸವನ್ನು ಕೂಡಿಸಿ ಕೊಟ್ಟಿವೆ. ಈ ಮಹಾಕಾರ್ಯಕ್ಕೆ ಕನ್ನಡಿಗರು ಚಿರಋಣಿಗಳು.

ಆದರೆ ನಮ್ಮ ಓದಿನ ಕ್ರಮವು ಈ ಐಶ್ವರ್ಯಕ್ಕೆ ತಕ್ಕಂತಿಲ್ಲ. ಶಾಸನವನ್ನು ಕೈಗೆತ್ತಿಕೊಂಡವರು ಮೊದಲು ಅರಸನ ಹೆಸರನ್ನು ನೋಡುವರು, ಆಮೇಲೆ ಶಕವರ್ಷವನ್ನು, ಆಮೇಲೆ ಪ್ರಶಸ್ತಿಪದ್ಯಗಳಲ್ಲಿ ಕವಿತ್ವವೇನಾದರೂ ಉಂಟೇ ಎಂಬುದನ್ನು. ದತ್ತಿಯ ವಿವರಕ್ಕೆ ಬಂದೊಡನೆ ಕಣ್ಣು ಓಡತೊಡಗುತ್ತದೆ. ಪದಕೋಶವೂ ಇಂಥ ಓದಿಗೆ ನೆರವಾಗುತ್ತದೆ: ಒಂದು ಶಬ್ದಕ್ಕೆ 'ಒಂದು ಬಗೆಯ ತೆರಿಗೆ', ಮುಂದಿನದಕ್ಕೆ 'ಒಂದು ಸುಂಕ', ಅದರ ಮುಂದಿನದಕ್ಕೆ 'ಒಂದು ವಿಧವಾದ ದತ್ತಿ' ಎಂದು ಬರೆದು ಮುಗಿಸುವುದು. ಗಿಡವೊಂದನ್ನು 'ಒಂದು ಸಸ್ಯ' ಎಂದು ವಿವರಿಸಿದಂತೆ ಇದು. ಜಾತಿಯನ್ನು ಹೇಳಿ ವ್ಯಕ್ತಿಯನ್ನು ಬಿಟ್ಟರೆ ಲಕ್ಷಣವಾಗಲಿಲ್ಲ, ಅತಿವ್ಯಾಪ್ತಿಯೆಂಬ ದೋಷವಾಯಿತು.

ಇದಕ್ಕೆ ಬದಲಾಗಿ, ನಮ್ಮ ವೈಯಾಕರಣರು ವಾಕ್ಯಕ್ಕೆ ಮಾಡುವ ಕಾರಕಾನ್ವಯವನ್ನೇ ಕಟ್ಟಳೆಯ ಪದಕ್ಕೂ ಮಾಡಬೇಕೆಂಬುದು ನನ್ನ ಸೂಚನೆ. ಕೊಡುವವರು ಯಾರು, ಪಡೆಯುವವರು ಯಾರು, ದ್ರವ್ಯವೇನು, ನಿಮಿತ್ತವೇನು, ತಪ್ಪಿದರೆ ದಂಡವೇನು ಎಂಬೀ ಐದು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದಾಗಲೇ ಪದಾರ್ಥವು ಸಿದ್ಧಿಸುವುದು. ಕೆಲವು ಉದಾಹರಣೆಗಳಿಂದ ಇದನ್ನು ಪರೀಕ್ಷಿಸೋಣ.

೩

ಮೊದಲು, ಪದವೂ ಅಳಿದು ಕಟ್ಟಳೆಯೂ ಅಳಿದ ವರ್ಗ. ನೆತ್ತರುಗೊಡಗೆ, ಬಾಳ್ಗಳ್ಚು ಎಂಬೆರಡು ಪದಗಳನ್ನು ತೆಗೆದುಕೊಳ್ಳಬಹುದು. ಎರಡಕ್ಕೂ 'ವೀರನಿಗೆ ಕೊಟ್ಟ ಭೂಮಿ' ಎಂಬ ಅರ್ಥವನ್ನು ಹೇಳುವುದು ವಾಡಿಕೆ. ಕಾರಕಾನ್ವಯವನ್ನು ಮಾಡಿದರೆ ಭೇದವು ಸ್ಪಷ್ಟವಾಗುತ್ತದೆ. ನೆತ್ತರುಗೊಡಗೆಯಲ್ಲಿ ನಿಮಿತ್ತವು ಮರಣ. ಪಡೆಯುವವರು ಸತ್ತವನ ಮಕ್ಕಳು, ಬಂಧುಗಳು. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆಯುವುದು. ಈ ನಾಲ್ಕು ತಾಲ್ಲೂಕುಗಳ ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನ ಪ್ರಸಿದ್ಧ ಶಾಸನದಲ್ಲಿ ಗಂಗರ ಬೂತುಗನು ತನ್ನ ಆಳಾದ ಮಣಲೆರನಿಗೆ ಕೊಟ್ಟದ್ದು ಇದನ್ನೇ. ೯೪೯ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಬಿದ್ದಮೇಲೆ, ಬದುಕಿ ಎದುರಿಗೆ ನಿಂತ ಭಟನಿಗೆ ಒಡೆಯನು ಮಾಡಿದ ಮನ್ನಣೆ ಅದು. ಒಂದು ಸತ್ತವನ ಮನೆಗೆ ಅನ್ನ, ಇನ್ನೊಂದು ಬದುಕಿದವನಿಗೆ ಮಾನ. ಎರಡನ್ನೂ ಒಂದೇ ಅರ್ಥದಲ್ಲಿ ಮುಚ್ಚಿದರೆ, ಯುದ್ಧದ ಬಳಿಕ ವಿಧವೆಯರೂ ಅನಾಥರೂ ಹೇಗೆ ಬದುಕಿದರೆಂಬ ಪ್ರಶ್ನೆಗೆ ನಮ್ಮಲ್ಲಿದ್ದ ಉತ್ತರವೇ ಮುಚ್ಚಿಹೋಗುತ್ತದೆ.

ಅದೇ ಶಾಸನದಲ್ಲಿ ಕಾಳಿಯೆಂಬ ನಾಯಿಯೂ ಹಂದಿಯೂ ಹೋರಾಡಿ ಸತ್ತ ಕಥೆಯಿದೆ. ವಾಚಕರು ಕಥೆಯನ್ನು ನೆನಪಿನಲ್ಲಿಟ್ಟಿದ್ದಾರೆ. ಆ ನಾಯಿಯ ನೆನಪಿನ ಕಲ್ಲಿಗೆ ಭೂಮಿಯನ್ನು ಬಿಟ್ಟು, ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿಯ ಪಾಪವು ತಟ್ಟುವುದೆಂದು ವಿಧಿಸಿದ ಕಟ್ಟಳೆಯನ್ನು ಮಾತ್ರ ಮರೆತಿದ್ದಾರೆ. ಕಥೆಗಿಂತ ಕಟ್ಟಳೆಯೇ ಅಂದಿನವರ ಮನಸ್ಸನ್ನು ಹೆಚ್ಚು ತಿಳಿಸುತ್ತದೆ: ಸ್ಮರಣೆಯೆಂಬುದು ಭಾವವಾಗಿ ಮಾತ್ರ ಉಳಿಯದು, ಅದಕ್ಕೆ ನೆಲವೂ ನಿಯೋಗವೂ ದಂಡವೂ ಬೇಕು ಎಂದು ಅವರು ಬಲ್ಲವರಾಗಿದ್ದರು.

೪

ಎರಡನೆಯದು, ಪದವು ಉಳಿದು ಅರ್ಥವು ವಲಸೆ ಹೋದ ವರ್ಗ. ಇದು ಅತ್ಯಂತ ಅಪಾಯಕರವಾದುದು. ಏಕೆಂದರೆ ಪರಿಚಿತವಾದ ಪದವನ್ನು ಕಂಡ ಓದುಗನು ಕೋಶವನ್ನು ತೆರೆಯುವುದೇ ಇಲ್ಲ.

ಹೊಯ್ಸಳರ ಕಾಲದ ದತ್ತಿಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮೊದಲಾದುವುಗಳ ಜೊತೆಯಲ್ಲಿ ಕಿರುಕುಳವೆಂಬ ಪದವು ಬರುತ್ತದೆ. ದೊಡ್ಡ ಸುಂಕಕ್ಕೆ ಎದುರಾಗಿ ಚಿಲ್ಲರೆ ಆಯಗಳಿಗೆ ಅದು ಹೆಸರು. ಇಂದಿನ ಕನ್ನಡದಲ್ಲಿ ಕಿರುಕುಳವೆಂದರೆ ಹಿಂಸೆ, ಕಾಟ. ಕಿರಿದು, ಕ್ಷುದ್ರ ಎಂಬ ಮೂಲಾರ್ಥವು ಎರಡಕ್ಕೂ ಸಮಾನವಾಗಿದ್ದರೂ, ಕಿರಿಯ ತೆರಿಗೆಯ ಹೆಸರೂ ಕಿರಿಯ ಹಿಂಸೆಯ ಹೆಸರೂ ಒಂದೇ ಆಗಿರುವುದು ಯೋಚಿಸತಕ್ಕ ಸಂಗತಿ. ದೊಡ್ಡ ಸುಂಕವು ವರ್ತಕನನ್ನು ತಾಗುತ್ತಿತ್ತು. ಚಿಲ್ಲರೆಯು ಸಂತೆಗೆ ಎಲೆ ತಂದವನನ್ನೂ ಬಿಡುತ್ತಿರಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಎಂಬ ಗಾದೆಯು ಈ ಅನುಭವದ ಮಾತೇ.

ಬಿಟ್ಟಿಯೆಂಬುದು ಇದಕ್ಕಿಂತ ಗಹನವಾದ ಉದಾಹರಣೆ. ಇದು ಸಂಸ್ಕೃತದ ವಿಷ್ಟಿಶಬ್ದದ ತದ್ಭವ. ವಿಷ್ಟಿಯೆಂದರೆ ಪ್ರಭುತ್ವವು ಕೂಲಿಯಿಲ್ಲದೆ ಬಲಾತ್ಕಾರವಾಗಿ ಮಾಡಿಸಿಕೊಳ್ಳುವ ದುಡಿಮೆ. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದು ರಾಜಕೀಯ ವ್ಯವಸ್ಥೆಯ ಒಂದು ಅಂಗವಾಗಿಯೇ ಬಂದಿದೆ. ಶಾಸನಗಳಲ್ಲಿ ಬಿಟ್ಟಿಯಿಂದ ವಿನಾಯಿತಿಯನ್ನು ಕೊಟ್ಟರೆ ಅದು ದೊಡ್ಡ ಉಪಕಾರ. ಈಗ 'ಬಿಟ್ಟಿ ಸಿಕ್ಕಿತು' ಎಂದು ನಗುತ್ತ ಹೇಳುತ್ತೇವೆ. ದುಡಿದವನ ಕಡೆಯಿಂದ ಸಂಬಳವಿಲ್ಲದ್ದು, ಪಡೆದವನ ಕಡೆಯಿಂದ ಬೆಲೆಯಿಲ್ಲದ್ದು. ವಸ್ತುವು ಒಂದೇ, ನೋಡುವ ಕಣ್ಣು ಬೇರೆ. ಕಾಲಕ್ರಮದಲ್ಲಿ ಭಾಷೆಯು ಪಡೆದವನ ಕಣ್ಣನ್ನು ಉಳಿಸಿಕೊಂಡು ದುಡಿದವನ ಕಣ್ಣನ್ನು ಹಿಂದಕ್ಕೆ ಸರಿಸಿತು. ರೂಢಿಯು ಯೋಗವನ್ನು ಅಪಹರಿಸುತ್ತದೆಂಬ ನ್ಯಾಯವನ್ನು ನಾವು ಪಾಠಶಾಲೆಯಲ್ಲಿ ಓದುತ್ತೇವೆ. ಅಪಹಾರವೆಂಬ ಮಾತಿನ ಪೂರ್ಣಾರ್ಥವು ಇಂಥ ಕಡೆ ತಿಳಿಯುತ್ತದೆ.

ಅಪುತ್ರಿಕವೆಂಬುದು ಮಕ್ಕಳಿಲ್ಲದೆ ಸತ್ತವನ ಆಸ್ತಿಯಿಂದ ಬರುವ ಆಯ. ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು, ವಿಭಕ್ತನಾಗಿ ಅಪುತ್ರನಾಗಿ ಸತ್ತವನ ಧನಕ್ಕೆ ಪತ್ನಿಯೇ ಮೊದಲ ಅಧಿಕಾರಿಣಿಯೆಂದು ಸಾಧಿಸಿದ್ದಾನೆ. ಕನ್ನಡ ನಾಡಿನಲ್ಲಿಯೇ ಹುಟ್ಟಿದ ಆ ಸಿದ್ಧಾಂತವನ್ನೂ ಕನ್ನಡದ ಕಲ್ಲುಗಳಲ್ಲಿರುವ ಈ ಆಯದ ಹೆಸರನ್ನೂ ಎದುರುಬದುರಾಗಿ ಇಟ್ಟು ನೋಡಿದಾಗ, ಶಾಸ್ತ್ರಕ್ಕೂ ಬೊಕ್ಕಸಕ್ಕೂ ನಡುವೆ ಇದ್ದ ಸೆಳೆದಾಟವು ಕಾಣುತ್ತದೆ. ಮೈಸೂರಿನಲ್ಲಿ ೧೯೩೩ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ, ಬಳಿಕ ೧೯೫೬ರ ಉತ್ತರಾಧಿಕಾರದ ಕಾಯಿದೆ ಬರುವವರೆಗೂ ಈ ವ್ಯಾಜ್ಯದ ನೆರಳು ಮನೆಗಳ ಮೇಲೆ ಇದ್ದಿತು. ಅಪುತ್ರಿಕಕ್ಕೆ 'ಒಂದು ತೆರಿಗೆ' ಎಂದು ಅರ್ಥ ಬರೆದವನು ಆ ವಿಧವೆಯ ಮನೆಯ ಬಾಗಿಲನ್ನು ಮುಚ್ಚಿ ಮುಂದೆ ಹೋದಂತೆ.

೫

ಈ ವಿಚಾರವು ಶಾಸನಶಾಸ್ತ್ರಕ್ಕೆ ಮಾತ್ರ ಸೇರಿದ್ದೆಂದೂ ಸಾಹಿತ್ಯದ ಅಧ್ಯಾಪಕರಿಗೆ ಇದರಿಂದ ಪ್ರಯೋಜನವಿಲ್ಲವೆಂದೂ ಕೆಲವರು ಭಾವಿಸಬಹುದು. ಅದಕ್ಕೆ ಉತ್ತರವಾಗಿ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಗೆ ಹೋಗೋಣ. ಅಲ್ಲಿಯ ಹುಣಸೇಶ್ವರನ ಗುಡಿಯ ಬಳಿ ಹದಿಮೂರನೆಯ ಶತಮಾನದ ಮೂರು ಕಂಬಗಳು ನಿಂತಿವೆ. ತುದಿಯಲ್ಲಿ ಆನೆ, ಗರುಡ. ಹೊಯ್ಸಳ ದೊರೆಗಳೊಡನೆ ತಲೆಮಾರಿನಿಂದ ತಲೆಮಾರಿಗೆ ಪ್ರಾಣವನ್ನು ಬಿಟ್ಟ ಒಂದು ನಾಯಕ ಮನೆತನವನ್ನು ಅವುಗಳ ಬರಹವು ಹೇಳುತ್ತದೆ. ಗಂಡಸರು ಮಾತ್ರವಲ್ಲ, ಅವರ ಹೆಂಡಿರೂ ಲೆಂಕರೂ ಲೆಂಕಿತಿಯರೂ ಆ ವ್ರತಕ್ಕೆ ಒಳಗಾದವರು. ಹಳೇಬೀಡಿನಲ್ಲಿ ಇಮ್ಮಡಿ ಬಲ್ಲಾಳನೊಡನೆ ಅಳಿದ ಕುವರ ಲಕ್ಷ್ಮನ ವೃತ್ತಾಂತವೂ ಇದೇ ಬಗೆಯದು.

ಲೆಂಕ, ಗರುಡ, ಜೋಳವಾಳಿ, ವೇಳೆವಾಳಿ ಎಂಬಿವು ಈ ಕಟ್ಟಳೆಯ ಪದಗಳು. ಜೋಳವಾಳಿಯೆಂದರೆ ಉಂಡ ಜೋಳಕ್ಕೆ ಸಲ್ಲಿಸುವ ಸೇವೆ. ಅದಕ್ಕೆ ಅಳತೆಯುಂಟು, ಮುಗಿವುಂಟು. ವೇಳೆವಾಳಿಯೆಂದರೆ ಒಡೆಯನ ಕೊನೆಯ ವೇಳೆಗೆ ತನ್ನ ಪ್ರಾಣವನ್ನು ಕಟ್ಟಿಕೊಂಡ ಪ್ರತಿಜ್ಞೆ; ಅದಕ್ಕೆ ಮರಣವಲ್ಲದೆ ಬೇರೆ ಮುಗಿವಿಲ್ಲ. ಸಂಸ್ಕೃತದಲ್ಲಿ ವೇಲೆಯೆಂದರೆ ಕಾಲವೂ ಹೌದು, ಕಡಲು ಮೀರದ ದಡವೂ ಹೌದು. ಆ ಎಲ್ಲೆಯೆಂಬ ಅರ್ಥವು ಕನ್ನಡದ ಈ ಸಮಾಸದಲ್ಲಿ ಧ್ವನಿಸುತ್ತದೆಂದು ಹೇಳಬಹುದು. ಈಗ ವೇಳೆಯೆಂದರೆ ಗಡಿಯಾರದ ಹೊತ್ತು ಮಾತ್ರ.

ಬಸವಣ್ಣನವರ ಒಂದು ವಚನವು ತಾನು ಜೋಳವಾಳಿಯವನಲ್ಲ, ವೇಳೆವಾಳಿಯವನು ಎಂಬ ಭೇದದ ಮೇಲೆಯೇ ನಿಂತಿದೆ. ತರಗತಿಯಲ್ಲಿ ಇದನ್ನು ಓದಿಸುವಾಗ ಮೊದಲನೆಯ ಪದಕ್ಕೆ 'ಕೂಲಿಯವನು', ಎರಡನೆಯದಕ್ಕೆ 'ನಿಷ್ಠಾವಂತ' ಎಂದು ಅರ್ಥ ಹೇಳಿ ಮುಂದೆ ಸಾಗಿದರೆ ಭಕ್ತಿಯ ಸಾಮಾನ್ಯ ಪ್ರಶಂಸೆಯೊಂದು ಉಳಿಯುತ್ತದೆ. ಬಾಚಹಳ್ಳಿಯ ಕಂಬಗಳನ್ನು ಬಲ್ಲವನಿಗೆ ಬೇರೆಯೇ ಕಾಣುತ್ತದೆ. ಅರಸನಿಗೆ ಮಾತ್ರ ಸಲ್ಲುತ್ತಿದ್ದ ಅತ್ಯಂತ ಕಠೋರವಾದ ಲೌಕಿಕ ಒಪ್ಪಂದವನ್ನು ವಚನಕಾರರು ಕಸಿದುಕೊಂಡು ದೇವರಿಗೆ ಸಲ್ಲಿಸಿದ್ದಾರೆ. ಬಿಜ್ಜಳನ ಅರಮನೆಯ ಭಂಡಾರಿ ಆಡಿದ ಈ ಮಾತಿನಲ್ಲಿ ಅರಮನೆಯ ಜೋಳಕ್ಕೆ ಎಷ್ಟು ಸಲ್ಲುವುದೋ ಅಷ್ಟೇ, ಪ್ರಾಣವು ಮಾತ್ರ ಅಲ್ಲಿಯದಲ್ಲ ಎಂಬ ರಾಜಕೀಯ ಅರ್ಥವೂ ಅಡಗಿದೆ. ಕಟ್ಟಳೆಯನ್ನು ಮರೆತರೆ ಕವಿತೆಯ ಧೈರ್ಯವೇ ಮರೆಯಾಗುತ್ತದೆ.

ಪಂಪನ ಕರ್ಣನಿಗೂ ಇದೇ ಮಾತು ಸಲ್ಲುತ್ತದೆ. ತನ್ನ ಜನ್ಮವು ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಡದುದನ್ನು ಸ್ನೇಹವೆಂದು ಹೊಗಳಿ ಮುಗಿಸುವ ವಿಮರ್ಶೆಯು ಅರ್ಧವಿಮರ್ಶೆ. ಆ ಕವಿಯ ಸಭೆಯಲ್ಲಿ ಕುಳಿತವರು ಉಂಡ ಅನ್ನದ ಋಣವನ್ನು ಕಟ್ಟಳೆಯಾಗಿ ಬಲ್ಲವರು. ಅವರಿಗೆ ಕರ್ಣನ ಇಕ್ಕಟ್ಟು ಹೃದಯದ ಇಕ್ಕಟ್ಟು ಮಾತ್ರವಲ್ಲ, ಎರಡು ಧರ್ಮಗಳ ವ್ಯಾಜ್ಯ.

೬

ಮೂರನೆಯದು, ವಸ್ತುವು ಉಳಿದು ಪದವು ಮಾತ್ರ ಬದಲಾದ ವರ್ಗ. ಸೇನಬೋವನು ಶಾನುಭೋಗನಾದನು, ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ತೆಗೆದ ೧೯೬೧ರ ಕಾಯಿದೆಯ ಬಳಿಕ ಅವನ ಲೆಕ್ಕವು ಗ್ರಾಮಲೆಕ್ಕಿಗನ ಕೈಗೆ ಬಂದಿತು, ಆ ಹುದ್ದೆಯ ಹೆಸರು ಈಗ ಗ್ರಾಮ ಆಡಳಿತ ಅಧಿಕಾರಿ. ತಾಲ್ಲೂಕಿನ ಅಮಲ್ದಾರನು ತಹಶೀಲ್ದಾರನಾದನು. ಚಿಕ್ಕದೇವರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ರಾಜ್ಯಭಾರವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರೆಂಬುದು ಇತಿಹಾಸಪ್ರಸಿದ್ಧ. ಅದೇ ಅಠಾರಾ ಕಚೇರಿ. ೧೮೬೮ರಲ್ಲಿ ಮುಗಿದ ಬೆಂಗಳೂರಿನ ಕೆಂಪು ಕಟ್ಟಡಕ್ಕೂ ಆ ಹೆಸರು ಸಂದಿತು. ಇಂದು ಉಚ್ಚನ್ಯಾಯಾಲಯವು ಅಲ್ಲಿದೆ. ಎಣಿಕೆಯು ಹೋಯಿತು, ಹೆಸರು ನಿಂತಿತು. ಹೀಗೆ ಪಾರಸಿ, ಮರಾಠಿ ಮಾತುಗಳು ದಫ್ತರಕ್ಕೆ ಬಂದುದನ್ನು ಕುರಿತು ವ್ಯಥೆಪಡುವವರುಂಟು. ಬೊಕ್ಕಸದ ಭಾಷೆಯು ಯಾವ ಕಾಲದಲ್ಲಿಯೂ ಅಚ್ಚಗನ್ನಡವಾಗಿರಲಿಲ್ಲವೆಂಬುದಕ್ಕೆ ಸುಂಕ, ಬಿಟ್ಟಿಗಳೇ ಸಾಕ್ಷಿ. ಇವುಗಳ ಮೂಲವಾದ ಶುಲ್ಕ, ವಿಷ್ಟಿಗಳೂ ಹೊರಗಿನವೇ.

ಕಟ್ಟಳೆಯ ಪದಗಳಿಗೆ ಊರ ಹೆಸರೇ ಕೊನೆಯ ಆಶ್ರಯ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿಯೇ ಅಗ್ರಹಾರ ಬಾಚಹಳ್ಳಿಯೂ ಸಂತೇಬಾಚಹಳ್ಳಿಯೂ ಇವೆ. ಒಂದಕ್ಕೆ ಬ್ರಾಹ್ಮಣರಿಗೆ ಬಿಟ್ಟ ಊರೆಂಬ ಗುರುತು, ಇನ್ನೊಂದಕ್ಕೆ ಸಂತೆ ನೆರೆಯುವ ಊರೆಂಬ ಗುರುತು. ಅಗ್ರಹಾರದ ವೃತ್ತಿಗಳು ಇಲ್ಲವಾದ ಮೇಲೂ ಎರಡು ಊರುಗಳನ್ನು ಬೇರ್ಪಡಿಸುವ ಕೆಲಸವನ್ನು ಆ ಪದವು ಮಾಡುತ್ತಲೇ ಇದೆ. ಎಲ್ಲ ಹೆಸರುಗಳಿಗೂ ಈ ಭಾಗ್ಯವಿಲ್ಲ. ನಾಗಮಂಗಲಕ್ಕೆ ಹೊಯ್ಸಳರ ಕಾಲದಲ್ಲಿ ಬಂದ ವೀರಬಲ್ಲಾಳ ಚತುರ್ವೇದಿ ಭಟ್ಟರತ್ನಾಕರವೆಂಬ ಉದ್ದವಾದ ಬಿರುದಿನ ಹೆಸರು ಕಲ್ಲಿನಲ್ಲಿಯೇ ಉಳಿಯಿತು. ಅತ್ತಿಕುಪ್ಪೆಯು ಕೃಷ್ಣರಾಜಪೇಟೆಯಾಯಿತು. ಫ್ರೆಂಚರ ದಂಡು ಇಳಿದುದರಿಂದ ಇಂಗ್ಲಿಷರ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್ ಎನಿಸಿಕೊಂಡ ಹಿರೋಡೆಯು ಪಾಂಡವಪುರವಾಯಿತು. ಆಜ್ಞೆಯಿಂದ ಬಂದ ಹೆಸರು ಆಜ್ಞೆಯಿಂದ ಹೋಗುವುದು ಸಹಜ.

೭

ಕಡೆಯದಾಗಿ ಅಷ್ಟಭೋಗವನ್ನು ವಿಚಾರಿಸತಕ್ಕದ್ದು. ವಿಜಯನಗರದ ಮತ್ತು ಮೈಸೂರಿನ ದಾನಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟನ್ನು ಎಣಿಸುವುದು ರೂಢಿ. ಇವುಗಳಲ್ಲಿ ಬಹುಪಾಲು ಪದಗಳನ್ನು ನಾವು ದಿನವೂ ಆಡುತ್ತೇವೆ. ಆದರೆ ಇಲ್ಲಿ ಅವು ಗುಣವಾಚಕಗಳಲ್ಲ, ಹಕ್ಕುಗಳು. ಸಿದ್ಧವೆಂದರೆ ಈಗಾಗಲೇ ಕೈಗೂಡಿದ ಆದಾಯ. ಸಾಧ್ಯವೆಂದರೆ ದುಡಿದರೆ ಮುಂದೆ ಕೈಗೂಡಬಹುದಾದುದು. ಆಗಾಮಿಯೆಂದರೆ ಮುಂದೆ ತಾನಾಗಿ ಒದಗುವುದು. ಆಗದಿರುವುದನ್ನೂ ಆಗಬಹುದಾದುದನ್ನೂ ಆಸ್ತಿಯೆಂದು ಬರೆದುಕೊಂಡ ಈ ವ್ಯವಹಾರಬುದ್ಧಿಯು ಅಲ್ಪವಾದುದಲ್ಲ.

ಇಂಥ ದಾನಗಳು ಆಚಂದ್ರಾರ್ಕಸ್ಥಾಯಿಯಾಗಿ, ಅಂದರೆ ಸೂರ್ಯಚಂದ್ರರಿರುವವರೆಗೆ ನಡೆಯಬೇಕೆಂದು ಬರೆದದ್ದು. ಅಳಿದವರಿಗೆ ಗಂಗೆಯ ತಡಿಯಲ್ಲಿ ಕಪಿಲೆಯನ್ನು ಕೊಂದ ಪಾಪವೆಂದು ಶಾಪ. ಮೈಸೂರು ಸಂಸ್ಥಾನದ ವೈಯಕ್ತಿಕ ಇನಾಮುಗಳು ೧೯೫೪ರ ಕಾಯಿದೆಯಿಂದಲೂ ಧಾರ್ಮಿಕ ಇನಾಮುಗಳು ೧೯೫೫ರ ಕಾಯಿದೆಯಿಂದಲೂ ರದ್ದಾದುವು. ೧೯೭೪ರಲ್ಲಿ ಭೂಸುಧಾರಣೆಯ ತಿದ್ದುಪಡಿಯು ಜಾರಿಗೆ ಬಂದಾಗ ಗೇಣಿದಾರನು ಒಡೆತನಕ್ಕೆ ಅರ್ಹನಾದನು. ಕೆರೆಯನ್ನು ಕಟ್ಟಿದವನಿಗೂ ಕಾಯುವವನಿಗೂ ಬಿಡುತ್ತಿದ್ದ ಕೊಡಗಿಯೆಂಬ ಮಾನ್ಯವೂ, ಬಿತ್ತುವಟ್ಟ, ದಶವಂದಗಳ ಪರಂಪರೆಯೂ ಅಲ್ಲಿಗೆ ನಿಂತುವು.

ಇದನ್ನು ಕೇವಲ ಶೋಕಿಸಬೇಕೇ? ಸ್ಮೃತಿಕಾರರೇ ಇದಕ್ಕೆ ದಾರಿ ತೋರಿದ್ದಾರೆ. ಲೋಕವಿದ್ವಿಷ್ಟವಾದುದನ್ನು, ಧರ್ಮವೆನಿಸಿದರೂ, ಆಚರಿಸಬಾರದೆಂದು ಯಾಜ್ಞವಲ್ಕ್ಯನ ಮತ. ಕಲಿವರ್ಜ್ಯಗಳೆಂಬ ಪಟ್ಟಿಯೇ ನಿಬಂಧಗ್ರಂಥಗಳಲ್ಲುಂಟು. ಕಟ್ಟಳೆಯು ಸಾಯುವುದು ಧರ್ಮದ ನಾಶವಲ್ಲ, ಧರ್ಮದ ಉಸಿರಾಟ. ಉಳುವವನಿಗೆ ಹೊಲವು ಸೇರಿದಾಗ ಯಾವ ಕಪಿಲೆಯೂ ಸತ್ತಂತಾಗಲಿಲ್ಲ. ಆದರೆ ಒಂದು ವಿವೇಕವು ತಪ್ಪಿತು. ಬಿತ್ತುವಟ್ಟವು ಸವಲತ್ತು ಮಾತ್ರವಾಗಿರಲಿಲ್ಲ. ಹೂಳೆತ್ತುವ ಹೊಣೆಯೂ ಏರಿಯನ್ನು ಕಾಯುವ ಹೊಣೆಯೂ ಅದಕ್ಕೆ ಅಂಟಿಕೊಂಡಿದ್ದುವು. ಸವಲತ್ತನ್ನು ತೆಗೆದವರು ಹೊಣೆಯನ್ನು ಯಾರ ಹೆಸರಿಗೆ ಬರೆಯಬೇಕೆಂಬುದನ್ನು ಪೂರ್ತಿಯಾಗಿ ಯೋಚಿಸಲಿಲ್ಲ. ಪದದ ಅರ್ಥವನ್ನು 'ಒಂದು ಬಗೆಯ ದತ್ತಿ' ಎಂದು ತಿಳಿದಿದ್ದರೆ ಹೀಗೆ ಆಗದೆ ಮತ್ತೇನು? ಕೋಶದ ಸಂಕ್ಷೇಪವು ಕೆರೆಯ ಹೂಳಾಗಿ ಪರಿಣಮಿಸಬಲ್ಲದು.

೮

ಹಾಗಾದರೆ ಈ ಪದಗಳನ್ನು ಮತ್ತೆ ಬಳಕೆಗೆ ತರಬೇಕೆಂಬ ಪಕ್ಷವು ಬರುತ್ತದೆ. ಹೊಸ ಕಾಯಿದೆಗಳಿಗೆ ಶಾಸನಗಳಿಂದ ಹೆಸರನ್ನು ಆರಿಸಬೇಕೆಂದು ಹೇಳುವ ಉತ್ಸಾಹಿಗಳಿದ್ದಾರೆ. ಇದು ಸಾಧುವಲ್ಲ. ನಿಮಿತ್ತವೂ ದಂಡವೂ ಇಲ್ಲದ ಪದವು ಪ್ರಾಣವಿಲ್ಲದ ದೇಹ. ಅದಕ್ಕೆ ಹೊಸ ಬಟ್ಟೆ ತೊಡಿಸಿದರೆ ಪ್ರೇತಾಲಂಕಾರವಾದೀತು. ಬಿಟ್ಟಿಯನ್ನೂ ಅಪುತ್ರಿಕವನ್ನೂ ಯಾರು ಮರಳಿ ಕರೆಯುವರು? ಹಳೆಯದನ್ನು ಸಂಗ್ರಹಾಲಯಕ್ಕೆ ಬಿಟ್ಟುಬಿಡೋಣವೆಂಬ ಮತ್ತೊಂದು ಪಕ್ಷವೂ ನಿಲ್ಲದು. ಕಿರುಕುಳದಂತಹ ಪದಗಳು ಸಂಗ್ರಹಾಲಯದಲ್ಲಿಲ್ಲ, ನಮ್ಮ ನಾಲಗೆಯ ಮೇಲಿವೆ.

ಮಾಡತಕ್ಕ ಕೆಲಸವು ಮೂರು. ಶಾಸನಸಂಪುಟಗಳ ಪದಕೋಶಗಳನ್ನು ಮೇಲೆ ಹೇಳಿದ ಐದು ಪ್ರಶ್ನೆಗಳ ಕ್ರಮದಲ್ಲಿ ಪುನಃ ರಚಿಸುವುದು ಮೊದಲನೆಯದು. ಹಳಗನ್ನಡ, ನಡುಗನ್ನಡ ಪಠ್ಯಗಳ ಟಿಪ್ಪಣಿಗಳಲ್ಲಿ ಕಟ್ಟಳೆಯ ಪದಕ್ಕೆ ಪರ್ಯಾಯಪದವನ್ನು ಕೊಡದೆ ಆ ಕಟ್ಟಳೆಯನ್ನೇ ವಿವರಿಸುವುದು ಎರಡನೆಯದು. ಆಯಾ ತಾಲ್ಲೂಕಿನ ಅಧ್ಯಾಪಕರು ಹೊಲ, ತೂಬು, ಕಟ್ಟೆ, ಕೇರಿಗಳ ಹೆಸರನ್ನು ಹಿರಿಯ ಒಕ್ಕಲುಗಳಿಂದ ಕೇಳಿ ಬರೆದಿಡುವುದು ಮೂರನೆಯದು. ಪ್ರಯೋಗಕ್ಷೇತ್ರವು ವಿಸ್ತಾರವಾದುದೆಂದು ಭಾಷ್ಯಕಾರನು ಹೇಳಿದನಲ್ಲವೇ? ಪಂಡಿತರು ಅಪ್ರಯುಕ್ತವೆಂದು ಗುರುತು ಹಾಕಿದ ಪದವು ಬಿಂಡಿಗನವಿಲೆಯ ಹೊಲವೊಂದರಲ್ಲಿಯೋ ಕಿಕ್ಕೇರಿಯ ತೂಬೊಂದರ ಹೆಸರಿನಲ್ಲಿಯೋ ಬದುಕಿರಬಹುದು. ಅದನ್ನು ಬಲ್ಲವರು ವೃದ್ಧರಾಗುತ್ತಿದ್ದಾರೆ. ಅವರು ಆಡುವಷ್ಟು ದಿನ ಆ ಪದವು ಪ್ರಯುಕ್ತ. ಕೇಳಿ ಬರೆದುಕೊಳ್ಳುವವರು ಬಾರದೆ ಹೋದರೆ, ಅದು ಅಪ್ರಯುಕ್ತವಾದುದಕ್ಕೆ ನಾವೇ ಕರ್ತೃಗಳು.